ಮಾರಿಷಸ್‌ಗೆ ಹೋಗೋ ಮುಂಚೆ ಶೂ ತೊಳೀರಿ: ದ್ವೀಪಕ್ಕೆ ಭಾರ ಆಗ್ದೆ ಹೋಗಿ ಬರೋದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡದವರ ಪೈಕಿ ಮೂರು ಮನೆಯವ್ರು ಈ ಸಲ ದೀಪಾವಳಿ ರಜೆಗೆ ಮಾರಿಷಸ್ ಟಿಕೆಟ್ ಮಾಡ್ಸಿದಾರೆ. ಹೋದ ವರ್ಷ ನಾವು ಹೋಗಿ ಬಂದಿದ್ದು ಗೊತ್ತಲ್ಲ, ಹಾಗಾಗಿ ದಿನಾ ಒಂದೊಂದು ಫೋನು, ಯಾವ ಬೀಚ್ ಚೆನ್ನಾಗಿದೆ, ಸಸ್ಯಾಹಾರಿ ಊಟ ಸಿಗುತ್ತಾ, ದುಡ್ಡು ಎಲ್ಲಿ ಬದಲಾಯಿಸೋದು ಅಂತ. ಅದನ್ನೆಲ್ಲ ಟ್ರಾವೆಲ್ಸ್‌ನವ್ರೇ ಚೆನ್ನಾಗಿ ಹೇಳ್ತಾರೆ. ಅವ್ರು ಹೇಳ್ದೆ ಬಿಡೋದು ಒಂದಿದೆ, ಆ ದ್ವೀಪಕ್ಕೆ ನಾವು ಗೊತ್ತಿಲ್ದೆ ಏನೇನು ಹೊತ್ಕೊಂಡು ಹೋಗ್ತೀವಿ, ಅಲ್ಲಿಂದ ಏನೇನು ಕಿತ್ಕೊಂಡು ಬರ್ತೀವಿ ಅನ್ನೋದು. ಒಬ್ಬೊಬ್ಬರಿಗೂ ಫೋನಲ್ಲಿ ಅರ್ಧ ಗಂಟೆ ಹೇಳೋ ಬದ್ಲು ಒಂದೇ ಕಡೆ ಬರ್ದಿಡ್ತೀನಿ.

ಮೊದ್ಲು ಒಂದು ವಿಷಯ ತಲೇಲಿ ಕೂತ್ರೆ ಉಳಿದಿದ್ದೆಲ್ಲ ಸಲೀಸು. ಮಾರಿಷಸ್ ಯಾವ ಖಂಡದಿಂದ್ಲೂ ತುಂಡಾಗಿ ಬಂದ ನೆಲ ಅಲ್ಲ, ಸುಮಾರು 80 ಲಕ್ಷ ವರ್ಷದ ಹಿಂದೆ ಜ್ವಾಲಾಮುಖಿ ಉಗುಳಿದ ಲಾವಾ ಸಮುದ್ರದ ತಳದಿಂದ ಪದರ ಪದರವಾಗಿ ಬೆಳ್ದು ನೀರಿನ ಮೇಲೆ ಬಂದಿದ್ದು. ಅಂದ್ರೆ ಶುರುವಲ್ಲಿ ಅಲ್ಲಿ ಹುಲ್ಲಿನ ಒಂದು ಎಸಳೂ ಇರ್ಲಿಲ್ಲ. ಗಾಳೀಲಿ ಹಾರಿ ಬಂದಿದ್ದು, ನೀರಲ್ಲಿ ತೇಲಿ ಬಂದಿದ್ದು, ಹಕ್ಕಿ ಕಾಲಿಗೆ ಅಂಟಿ ಬಂದಿದ್ದು, ಅಷ್ಟೇ ಅಲ್ಲಿನ ಬಂಡವಾಳ. ನೆಲದ ಮೇಲೆ ಓಡಾಡೋ ಸಸ್ತನಿ ಒಂದೂ ಅಲ್ಲಿಗೆ ತಾನಾಗಿ ತಲುಪ್ಲಿಲ್ಲ, ಬಾವಲಿ ಮಾತ್ರ ಹಾರ್ಕೊಂಡು ಬಂತು. ಇಲಿ ಇಲ್ಲ, ಬೆಕ್ಕಿಲ್ಲ, ಮುಂಗುಸಿ ಇಲ್ಲ. ಹೆದರೋಕೆ ಯಾರೂ ಇಲ್ಲ ಅಂದ್ಮೇಲೆ ಹಕ್ಕಿಗಳು ಹೆದ್ರೋದನ್ನೇ ಮರೆತ್ವು, ಕೆಲವು ಹಾರೋದನ್ನೂ ಬಿಟ್ವು. ಡೋಡೋ ಅಂದ್ರೆ ಅದೇ, ಪಾರಿವಾಳದ ಜಾತಿಯ ಹಕ್ಕಿ, ಅದರ ಅತಿ ಹತ್ತಿರದ ನೆಂಟ ಇವತ್ತಿಗೂ ನಮ್ಮ ನಿಕೋಬಾರ್‌ನಲ್ಲಿ ಹಾರಾಡೋ ನಿಕೋಬಾರ್ ಪಾರಿವಾಳ. 1598ರಲ್ಲಿ ಡಚ್ಚರು ದ್ವೀಪಕ್ಕೆ ಇಳಿದ್ರು, ಡೋಡೋನ ಕೊನೇ ಸಲ ನೋಡಿದ್ದು ಅಂತ ಸಾಮಾನ್ಯವಾಗಿ ಒಪ್ಪಿರೋ ವರ್ಷ 1662. ನೂರು ವರ್ಷನೂ ಹಿಡೀಲಿಲ್ಲ. ಎಲ್ಲಾನೂ ನಾವಿಕರು ಹೊಡ್ದು ತಿಂದ್ರು ಅಂತ ಶಾಲೇಲಿ ಕಲ್ತಿದ್ವಿ, ಆದ್ರೆ ದೊಡ್ಡ ಹೊಡೆತ ಕೊಟ್ಟಿದ್ದು ಹಡಗಿನ ಜೊತೆ ಇಳಿದ ಇಲಿ, ಹಂದಿ, ಮಂಗ, ನೆಲದ ಮೇಲೆ ಬಿದ್ದಿರೋ ಮೊಟ್ಟೆ ಅವಕ್ಕೆ ತಟ್ಟೇಲಿ ಇಟ್ಟ ಹಾಗೆ.

ಹೋಗೋ ಮುಂಚೆ ಒಂದು ಭಾನುವಾರ ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಮಕ್ಕಳನ್ನ ಕರ್ಕೊಂಡು ಹೋಗಿ ಬನ್ನಿ, ಪುಣೆಯವ್ರಾದ್ರೆ ಸಿಂಹಗಡದ ಕಪ್ಪು ಬಂಡೆ ಸಾಕು. ಟ್ರಿಪ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ, ಸಂಬಂಧ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ಹರಿದ ಲಾವಾನೇ ಸಹ್ಯಾದ್ರಿಯ ಈ ಮೆಟ್ಟಿಲು ಮೆಟ್ಟಿಲು ಬೆಟ್ಟ, ಗಿಲ್ಬರ್ಟ್ ಹಿಲ್‌ನ ಕಂಬ ನಿಲ್ಲಿಸಿದ ಹಾಗಿರೋ ಕಲ್ಲು, ಎಲಿಫೆಂಟಾ ಗುಹೆ ಕೊರೆದ ಬಂಡೆ. ಭೂಮಿ ಒಳಗಿನ ಯಾವ ಬಿಸಿ ಊಟೆ ಈ ಲಾವಾ ಉಕ್ಕಿಸ್ತೋ ಅದ್ರ ಮೇಲಿಂದ ಭಾರತದ ನೆಲ ಉತ್ತರಕ್ಕೆ ಸರ್ಕೊಂಡು ಬಂತು, ಊಟೆ ಹಿಂದೆ ಉಳೀತು. ಲಕ್ಷದ್ವೀಪ, ಮಾಲ್ಡೀವ್ಸ್ ಕೆಳಗಿರೋ ಸಮುದ್ರದ ಏಣು ಅದು ಬಿಟ್ಟ ಹೆಜ್ಜೆ, ಆಮೇಲೆ ಮಾರಿಷಸ್, ಈಗ ಪಕ್ಕದ ರಿಯೂನಿಯನ್ ದ್ವೀಪದಲ್ಲಿ ಪಿಟೊನ್ ದ ಲ ಫೂರ್ನೇಸ್ ಅನ್ನೋ ಜ್ವಾಲಾಮುಖಿಯಾಗಿ ಇನ್ನೂ ಉಗುಳ್ತಾ ಇದೆ. ಹೆಚ್ಚಿನ ಭೂವಿಜ್ಞಾನಿಗಳು ಒಪ್ಪೋ ವಿವರಣೆ ಇದು. ಡೊಂಬಿವಲಿ ಸ್ಟೇಷನ್ ರೋಡಿಗೆ ಹಾಕೋ ಜಲ್ಲೀನೂ ಮಾರಿಷಸ್ ಕಬ್ಬಿನ ಗದ್ದೆ ಮಧ್ಯೆ ಗುಡ್ಡೆ ಹಾಕಿರೋ ಕಪ್ಪು ಕಲ್ಲೂ ಒಂದೇ ಒಲೆಯ ಅಡುಗೆ ಅಂತ ಮಗಳಿಗೆ ಹೇಳ್ದಾಗ ಅವಳು ಆ ಕಲ್ಲಿನ ಮೇಲೆ ಕೈ ಇಟ್ಕೊಂಡು ಸುಮಾರು ಹೊತ್ತು ನಿಂತಿದ್ಲು.

ಈಗ ಶೂ. ಇದನ್ನ ಯಾರೂ ಹಾರಿಸಬೇಡಿ.

ನಮ್ದು ಮಳೆಗಾಲ ಪೂರ್ತಿ ರಾಜ್‌ಮಾಚಿ, ಹರಿಶ್ಚಂದ್ರಗಡ ಅಂತ ಗುಡ್ಡ ಹತ್ತೋ ಮನೆ, ಅದೇ ಶೂ ಹಾಕ್ಕೊಂಡು ಮಾರಿಷಸ್ ಕಾಡಲ್ಲೂ ನಡಿಯೋಣ ಅಂತ ಇದ್ವಿ. ಹೊರಡೋ ಹಿಂದಿನ ಭಾನುವಾರ ಬಾಲ್ಕನೀಲಿ ಪೇಪರ್ ಹಾಸಿ ನಾನೂ ಮಗಳೂ ಕೂತ್ವಿ, ಹಳೇ ಟೂತ್‌ಬ್ರಷ್ಷು, ಒಂದು ದಪ್ಪ ಸೂಜಿ. ಶೂ ಸೋಲಿನ ಗೆರೆಗಳಲ್ಲಿ ಒಣಗಿ ಗಟ್ಟಿಯಾದ ಕೆಂಪು ಮಣ್ಣು, ಸೂಜಿ ಹಾಕಿ ಮೀಟಿದ್ರೆ ಬಿಸ್ಕತ್ತಿನ ಹಾಗೆ ಎದ್ದು ಬರುತ್ತೆ, ಅದ್ರ ಒಳಗೆ ಸಾಸಿವೆಗಿಂತ ಸಣ್ಣ ಬೀಜಗಳು. ಲೇಸ್ ಕೆಳಗಿನ ನಾಲಿಗೆಯ ಹಿಂದೆ ಉತ್ತರಾಣಿ. ಸಾಕ್ಸ್ ಅಂಚಲ್ಲಿ ಚುಚ್ಚಿ ತಿರುಚಿಕೊಂಡಿರೋ ಹುಲ್ಲಿನ ಬೀಜ, ಒಗ್ದು ಇಟ್ಟ ಸಾಕ್ಸ್ ರೀ, ಮಷೀನಲ್ಲಿ ಎಷ್ಟು ಸಲ ತಿರುಗಿದ್ರೂ ಅಲ್ಲೇ ಇತ್ತು. ಮಗಳು ಒಂದೊಂದಾಗಿ ಎಣಿಸಿದ್ಲು, ಎರಡು ಜೊತೆ ಶೂ, ಮೂರು ಜೊತೆ ಸಾಕ್ಸ್ ಸೇರಿ 63 ಬೀಜ. ಬ್ಯಾಗಿನ ವೆಲ್ಕ್ರೋ ಇನ್ನೂ ನೋಡಿರ್ಲಿಲ್ಲ.

ಮಾಡೋ ಕ್ರಮ ಹೀಗೆ: ಮೊದ್ಲು ಒಣಗಿದಾಗ್ಲೇ ಬ್ರಷ್ ಮಾಡಿ, ಒದ್ದೆ ಮಾಡಿದ್ರೆ ಮಣ್ಣು ಇನ್ನೂ ಒಳಗೆ ಹೋಗುತ್ತೆ. ಆಮೇಲೆ ಇನ್‌ಸೋಲ್ ತೆಗ್ದು ಸೋಪಿನ ನೀರಲ್ಲಿ ಉಜ್ಜಿ, ಸೋಲಿಗೆ ಮನೇಲಿರೋ ಸೋಂಕುನಾಶಕ ಹಚ್ಚಿ, ಎರಡು ದಿನ ಪೂರ್ತಿ ಬಿಸಿಲಲ್ಲಿ ಇಡಿ, ಯಾಕಂದ್ರೆ ಬೀಜ ಕಣ್ಣಿಗೆ ಕಾಣುತ್ತೆ, ಮಣ್ಣಲ್ಲಿರೋ ಶಿಲೀಂಧ್ರ, ಹುಳದ ಮೊಟ್ಟೆ ಕಾಣಲ್ಲ. ಉದುರಿದ ಬೀಜದ ಮೇಲೆ ಕುದಿಯೋ ನೀರು ಹೊಯ್ದು ಕಸಕ್ಕೆ ಹಾಕಿ, ಕುಂಡಕ್ಕೆ ಮಾತ್ರ ಹಾಕ್ಬೇಡಿ. ಬ್ಯಾಗಿನ ತಳ, ಸೈಡ್ ಪಾಕೆಟ್, ಕ್ಯಾಮೆರಾ ಸ್ಟ್ಯಾಂಡಿನ ಕಾಲು, ಕೊಡೆಯ ತುದಿ, ಪ್ಯಾಂಟಿನ ಮಡಿಕೆ, ಮಕ್ಕಳ ಆಟದ ಬಕೆಟ್ಟು, ಇವನ್ನೂ ಜಾಡಿಸ್ಬೇಕು. ಹೊಸ ಶೂ ತಗೊಂಡ್ರೆ ಈ ಕೆಲಸಾನೇ ಇಲ್ಲ ಅಂತ ಅನ್ಸಬಹುದು, ಆದ್ರೆ ಹೊಸ ಶೂ ಕಾಡಲ್ಲಿ ಕಾಲು ಕಚ್ಚುತ್ತೆ, ಅದಕ್ಕಿಂತ ತೊಳ್ಯೋದೇ ವಾಸಿ.

ಇನ್ನು ಊಟದ ಡಬ್ಬಿ. ನಮ್ಮಮ್ಮ ಹಿತ್ತಲಿನ ಕರಿಬೇವು ಒಂದು ಕಟ್ಟು ಒದ್ದೆ ಬಟ್ಟೇಲಿ ಸುತ್ತಿ ಇಟ್ಟಿದ್ರು, ಜೊತೆಗೆ ಅಲ್ಲಿನ ಪರಿಚಯದವ್ರಿಗೆ ಕೊಡೋಕೆ ತುಳಸಿ ಬೀಜದ ಪೊಟ್ಟಣ. ಕೊಡೋ ಮನಸ್ಸು ಒಳ್ಳೇದೇ, ಆದ್ರೆ ಅಲ್ಲಿ ಗಿಡ, ಬೀಜ, ಕಡ್ಡಿ, ಹಣ್ಣು, ತರಕಾರಿ ಪರ್ಮಿಟ್ ಇಲ್ದೆ ತರೋ ಹಾಗಿಲ್ಲ, ಮಣ್ಣಂತೂ ಇಲ್ವೇ ಇಲ್ಲ, ಕಬ್ಬಿನ ತುಂಡೂ ಇಲ್ಲ, ಅವ್ರ ಕಬ್ಬಿಗೆ ರೋಗ ಬಂದ್ರೆ ಅಷ್ಟೂ ಜನರ ಹೊಟ್ಟೆ ಮೇಲೆ ಹೊಡೆದ ಹಾಗೆ. ಎರಡನ್ನೂ ಮನೇಲೇ ತೆಗೆಸಿ ಇಟ್ವಿ, ಅಮ್ಮ ಸ್ವಲ್ಪ ಬೇಜಾರು ಮಾಡ್ಕೊಂಡ್ರು. ಅಲ್ಲಿ ಮಾರ್ಕೆಟ್ಟಿಗೆ ಹೋದ್ರೆ ತಾಜಾ ಕರಿಬೇವು ರಾಶಿ ಹಾಕಿದಾರೆ, ಅಲ್ಲಿನ ಜನರ ಆಡುಮಾತು ಕ್ರಿಯೋಲ್‌ನಲ್ಲಿ ಅದಕ್ಕೆ ಕರಿಪುಲೆ ಅಂತಾರೆ, ಕೂಲಿ ಕೆಲಸಕ್ಕೆ ಹೋದ ನಮ್ಮ ಕಡೆಯ ಜನ ಜೊತೆಗೆ ತಗೊಂಡು ಹೋದ ತಮಿಳಿನ ಮಾತು. ಅಮ್ಮನಿಗೆ ಅವತ್ತು ಆದ ಖುಷಿ ನೋಡ್ಬೇಕಿತ್ತು. ಚಟ್ನಿ ಪುಡಿ, ಹುರಿದ ಅವಲಕ್ಕಿ, ಚಕ್ಕುಲಿ ತಗೊಂಡು ಹೋಗಿದ್ವಿ, ಫಾರ್ಮಲ್ಲಿ ಬರ್ದು ತೋರ್ಸಿದ್ವಿ, ಏನೂ ತೊಂದ್ರೆ ಆಗ್ಲಿಲ್ಲ. ಬಚ್ಚಿಡೋದು ಬೇಡ, ಅನುಮಾನ ಇರೋದನ್ನ ಕೇಳ್ಬಿಡಿ.

ಅಲ್ಲಿ ಇಳಿದ ತಕ್ಷಣ ಒಂದು ವಿಚಿತ್ರ ಆಗುತ್ತೆ, ಯಾವುದೋ ಪರದೇಶ ಅಂತ ಹೋಗಿರ್ತೀವಿ, ಹೋಟ್ಲು ಅಂಗಳದಲ್ಲಿ ಗೊರವಂಕ ಕೂಗ್ತಾ ಇರುತ್ತೆ, ಬೇಲಿ ಮೇಲೆ ಕೆಂಪು ಮೀಸೆಯ ಪಿಕಳಾರ, ಮರದಲ್ಲಿ ಕೊರಳಿಗೆ ಗುಲಾಬಿ ಗೆರೆ ಇರೋ ನಮ್ಮದೇ ಗಿಳಿ, ರಸ್ತೆ ದಾಟೋ ಮುಂಗುಸಿ. ನಮ್ಮೂರೇ ಅನ್ಸಿ ಮನಸ್ಸು ತುಂಬುತ್ತೆ. ಆದ್ರೆ ಇವೆಲ್ಲಾ ಮನುಷ್ಯ ತಂದು ಬಿಟ್ಟಿದ್ದು. ಗೊರವಂಕನ್ನ 1762ರಲ್ಲಿ ಮಿಡತೆ ತಿನ್ಲಿ ಅಂತ ಭಾರತದಿಂದ ತರ್ಸಿದ್ರು. ಮುಂಗುಸಿ 1900ರಲ್ಲಿ ಇಲಿ ಹಿಡೀಲಿ ಅಂತ. ಪಿಕಳಾರ 1892ರಲ್ಲಿ ಬಂತು, ಅದು ಹಣ್ಣು ತಿಂದು ಹೊರಗಿನ ಗಿಡಗಳ ಬೀಜ ಕಾಡೊಳಗೆಲ್ಲ ಹಾಕ್ತಾ ಹೋಯ್ತು. ನಮ್ಮ ಗಿಳಿ ಅಲ್ಲಿನ ಎಕೋ ಗಿಳಿಯ ಪೊಟರೆ ಕಿತ್ಕೊಳ್ಳುತ್ತೆ, ಆ ಎಕೋ ಗಿಳಿ 1980ರ ದಶಕದಲ್ಲಿ ಹತ್ತು ಹನ್ನೆರಡಕ್ಕೆ ಇಳಿದಿತ್ತು. ಇಲ್ಲಿ ನಮ್ಮ ಕಿಟಕಿ ಮೇಲೆ ಕೂರೋ ಹಕ್ಕಿ ಅಲ್ಲಿ ಇನ್ನೊಬ್ಬರ ಮನೆ ಹೊಕ್ಕಿದೆ, ತಪ್ಪು ಹಕ್ಕೀದಲ್ಲ, ಆದ್ರೂ ನಾವು ಅದಕ್ಕೆ ಕಾಳು ಹಾಕಿ ಬೆಳೆಸ್ಬಾರ್ದು.

ಮುಂಬೈಯವ್ರಿಗೆ ಇದು ಕಷ್ಟ, ಕಬೂತರ್‌ಖಾನಾ ಮುಂದೆ ಪಾರಿವಾಳಕ್ಕೆ ಕಾಳು ಚೆಲ್ಲಿ ಪುಣ್ಯ ಅಂತ ಬೆಳೆದ ಕೈ. ಅಲ್ಲಿ ಪಿಂಕ್ ಪಿಜನ್ ಅಂತ ತಿಳಿಗುಲಾಬಿ ಬಣ್ಣದ ಪಾರಿವಾಳ ಇದೆ, 1990ರ ಹೊತ್ತಿಗೆ ಕಾಡಲ್ಲಿ ಹತ್ತರಷ್ಟು ಉಳಿದಿದ್ದು, ಈಗ ಕಷ್ಟಪಟ್ಟು ನಾನೂರು ದಾಟಿಸಿದಾರೆ. ಹೊರಗಿನಿಂದ ಬಂದ ಪಾರಿವಾಳಗಳು ಹರಡೋ ಗಂಟಲಿನ ರೋಗ ಅದರ ಮರಿಗಳನ್ನ ಕೊಲ್ಲುತ್ತೆ, ಎಲ್ಲಾ ಹಕ್ಕಿ ಒಂದೇ ಕಡೆ ಕಾಳಿಗೆ ಮುತ್ತಿದ್ರೆ ರೋಗಕ್ಕೆ ದಾರಿ ಸಲೀಸು. ಗಂಗಾ ತಲಾಬ್‌ಗೂ ಹೋಗೇ ಹೋಗ್ತೀರಿ, ಹಳೇ ಜ್ವಾಲಾಮುಖಿಯ ಬಾಯಲ್ಲಿ ನಿಂತ ಕೆರೆ, ಪಕ್ಕದಲ್ಲಿ 108 ಅಡಿ ಶಿವ, ನೋಡ್ಲೇಬೇಕಾದ ಜಾಗ. ಅಲ್ಲಿ ಮಂಗಗಳು ಬಾಳೆಹಣ್ಣಿಗೆ ಕೈ ಚಾಚ್ತವೆ. ಕೊಡ್ಬೇಡಿ. ಅವು ಜಾವಾ ಕಡೆಯಿಂದ ತಂದ ಮಂಗಗಳು, ಹಕ್ಕಿ ಗೂಡಿಗೆ ಕೈ ಹಾಕ್ತವೆ, ನಾವು ಕೊಡೋ ಒಂದೊಂದು ಹಣ್ಣೂ ಅವಕ್ಕೆ ಮರಿ ಸಾಕೋ ಶಕ್ತಿ. ಹಣ್ಣು ದೇವರಿಗೆ ಅರ್ಪಿಸಿ ಪ್ರಸಾದ ನೀವೇ ತಿಂದು ಸಿಪ್ಪೆ ಚೀಲಕ್ಕೆ ಹಾಕ್ಕೊಂಡು ಬನ್ನಿ, ಪ್ಲಾಸ್ಟಿಕ್ ಚೀಲ ಬೇಡ, ಅಲ್ಲಿ 2016ರಿಂದ್ಲೇ ನಿಷೇಧ, ಮನೆಯಿಂದ ಎರಡು ಬಟ್ಟೆ ಚೀಲ ತಗೊಂಡು ಹೋಗಿ.

ಏನು ನೋಡ್ಬೇಕು ಅಂದ್ರೆ, ಏಳು ಬಣ್ಣದ ಮಣ್ಣು, ಜಲಪಾತ ಎಲ್ಲಾ ಪ್ಯಾಕೇಜಲ್ಲಿ ಇದ್ದೇ ಇರುತ್ತೆ. ನೀವು ಒಂದು ದಿನ ಕೈಲಿ ಇಟ್ಕೊಂಡು ಇಲ್ ಒ ಸೆಗ್ರೆತ್ ಅನ್ನೋ ಪುಟ್ಟ ದ್ವೀಪಕ್ಕೆ ಹೋಗಿ ಬನ್ನಿ, ಮಾಹೆಬೂರ್ ಊರಿನ ಹತ್ತಿರ ಪ್ವಾಂತ್ ಜೆರೋಮ್ ಅನ್ನೋ ಕಡೆಯಿಂದ ದೋಣಿ ಹೋಗುತ್ತೆ. ಸುಮಾರು 26 ಹೆಕ್ಟೇರ್ ಅಷ್ಟೇ, ಇದು ಲಾವಾ ಅಲ್ಲ, ಹವಳದ ಸುಣ್ಣಕಲ್ಲು. ಮಾರಿಷಸ್‌ನ ಒಳ್ಳೆ ಮೂಲ ಕಾಡು ಈಗ ನೂರಕ್ಕೆ ಎರಡರಷ್ಟೂ ಉಳಿದಿಲ್ಲ, ಕರಾವಳಿಯ ಒಣ ಕಾಡು ಹೇಗಿತ್ತು ಅಂತ ನೋಡೋಕೆ ಉಳಿದಿರೋ ಜಾಗ ಇದು. ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಅಂತ 1984ರಲ್ಲಿ ಶುರುವಾದ ಸಂಸ್ಥೆ ಅದನ್ನ ನೋಡ್ಕೊಳ್ಳುತ್ತೆ, ಇಲಿ, ಬೆಕ್ಕು ತೆಗೆದು, ಹೊರಗಿನ ಗಿಡ ಕಿತ್ತು, ಎಬೊನಿ ಅಂದ್ರೆ ಕರಿಮರ ಮತ್ತೆ ಬೆಳೆಸ್ತಿದಾರೆ, ನಿಮ್ಮ ಟಿಕೆಟ್ ದುಡ್ಡು ಆ ಕೆಲಸಕ್ಕೇ ಹೋಗುತ್ತೆ. ಮಾರಿಷಸ್‌ನ ಸ್ವಂತ ದೈತ್ಯ ಆಮೆಗಳು ಯಾವಾಗ್ಲೋ ಅಳಿದು ಹೋದ್ವು, ಹಣ್ಣು ನುಂಗಿ ಬೀಜ ಹರಡೋರು ಯಾರೂ ಇಲ್ದೆ ಕರಿಮರದ ಬೀಜ ತಾಯಿ ಮರದ ಬುಡದಲ್ಲೇ ಬಿದ್ದು ಕೊಳೀತಿತ್ತು, ಅದಕ್ಕೆ ಅಲ್ಡಾಬ್ರಾ ದ್ವೀಪದ ಜಾತಿಯ ಆಮೆಗಳನ್ನ ಆ ಕೆಲಸಕ್ಕೆ ಬಿಟ್ಟಿದಾರೆ. ಆಮೆ ಹೊಟ್ಟೆ ದಾಟಿ ಬಂದ ಬೀಜ ಚೆನ್ನಾಗಿ ಮೊಳೆಯುತ್ತಂತೆ.

ನಮ್ಮ ಗೈಡ್ ಒಂದು ಪೊದೆ ಹತ್ರ ಸುಮ್ನೆ ನಿಲ್ಲಿ ಅಂದ್ರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಎಲೆಯ ಅಡಿಯಿಂದ ಒಂದು ಹಲ್ಲಿ, ನಮ್ಮ ಗೋಡೆಯ ಬೂದಿ ಹಲ್ಲಿ ಅಲ್ಲ, ನವಿಲಿನ ಕತ್ತಿನ ಹಾಗೆ ಹಸಿರು ನೀಲಿ, ಬೆನ್ನ ಮೇಲೆ ಕೆಂಪು ಚುಕ್ಕೆ, ಹಗಲಲ್ಲೇ ಓಡಾಡೋ ಜಾತಿ. ಹೂವಿನ ಅಂಚಿಗೆ ಬಂದು ತಲೆ ಒಳಗೆ ತೂರ್ಸಿ ನಾಲಿಗೇಲಿ ಮಕರಂದ ನೆಕ್ತು, ಹೊರಗೆ ತೆಗೆದಾಗ ಮೂತಿ ಮೇಲೆ ಹಳದಿ ಪರಾಗದ ಪುಡಿ, ಹಾಗೇ ಪಕ್ಕದ ಹೂವಿಗೆ ಹೋಯ್ತು. ಇಂಥ ಹಲ್ಲಿಯನ್ನೇ ನಂಬಿಕೊಂಡಿರೋ ಗಿಡಗಳೂ ಅಲ್ಲಿವೆ, ಬೆಟ್ಟದ ರೂಸಿಯಾ ಅನ್ನೋ ಬಳ್ಳಿಗೆ ನೀಲಿ ಬಾಲದ ಹಲ್ಲಿಯೇ ಪರಾಗ ಸಾಗಿಸ್ಬೇಕು. ನಮ್ಮ ಕಡೆ ಜೇನು, ಚಿಟ್ಟೆ, ಸೂರಕ್ಕಿ ಅಂತ ಹತ್ತು ಜನ ಮಾಡೋ ಕೆಲಸ ಅಲ್ಲಿ ಒಬ್ಬನ ತಲೆ ಮೇಲೆ, ಆ ಒಬ್ಬ ಹೋದ್ರೆ ಗಿಡದ ಕಥೆನೂ ಮುಗೀತು. ಆ ಹಲ್ಲಿ ನೋಡಿದ್ಮೇಲೆ ನನಗೆ ಶೂ ತೊಳೆದಿದ್ದಕ್ಕೆ ಒಂದು ಮುಖ ಸಿಕ್ಕಂಗಾಯ್ತು.

ಕಾಡಿನ ನಡಿಗೆಗೆ ಬ್ಲಾಕ್ ರಿವರ್ ಗಾರ್ಜಸ್ ನ್ಯಾಷನಲ್ ಪಾರ್ಕ್, 1994ರಲ್ಲಿ ಆಗಿದ್ದು. ಪೆತ್ರಿನ್ ಕಡೆಯಿಂದ ಬೆಳಿಗ್ಗೆ ಬೇಗ ಶುರು ಮಾಡಿ, ಗಟ್ಟಿ ಮಾತು ಬೇಡ, ಪಿಂಕ್ ಪಿಜನ್, ಎಕೋ ಗಿಳಿ, ಅದೃಷ್ಟ ಇದ್ರೆ ಮಾರಿಷಸ್ ಕೆಸ್ಟ್ರೆಲ್ ಕಾಣ್ಬಹುದು. ಈ ಕೆಸ್ಟ್ರೆಲ್ ಸಣ್ಣ ಗಿಡುಗ, 1974ರಲ್ಲಿ ಕಾಡಲ್ಲಿ ಗೊತ್ತಿದ್ದಿದ್ದು ನಾಲ್ಕೇ ನಾಲ್ಕು. ಕಾಡು ಕಡಿದಿದ್ದು ಒಂದು ಕಡೆ, ಡಿಡಿಟಿ ಅನ್ನೋ ಕೀಟನಾಶಕ ಇನ್ನೊಂದು ಕಡೆ. ಕಾರ್ಲ್ ಜೋನ್ಸ್ ಅನ್ನೋ ವನ್ಯಜೀವಿ ವಿಜ್ಞಾನಿ ಮೊಟ್ಟೆ ತೆಗೆದು ಕೈಯಾರೆ ಮರಿ ಮಾಡ್ಸಿ, ಗೂಡಿನ ಪೆಟ್ಟಿಗೆ ಕಟ್ಟಿ, ವರ್ಷಗಟ್ಟಲೆ ಹಿಡಿದ ಹಟ ಬಿಡ್ಲಿಲ್ಲ, ಈಗ ನೂರಾರು ಇವೆ. ದಾರಿಯುದ್ದಕ್ಕೂ ಕೆಂಪು ಪುಟ್ಟ ಪೇರಲೆ ಹಣ್ಣು ಕಾಣುತ್ತೆ, ಬ್ರೆಜಿಲ್ ಮೂಲದ್ದು, ಗೋಡೆ ಕಟ್ಟಿದ ಹಾಗೆ ಒತ್ತಾಗಿ ಬೆಳ್ದು ಮೂಲ ಗಿಡಗಳ ಸಸಿಗೆ ಬೆಳಕೇ ಬಿಡಲ್ಲ. ಊರಿನವ್ರು ಕಿತ್ತು ತಿಂತಾರೆ, ನೀವೂ ತಿನ್ನಿ, ಆದ್ರೆ ಬೀಜ ದಾರಿ ಪಕ್ಕ ಉಗೀಬೇಡಿ. ದಾರಿ ಬಿಟ್ಟು ಒಳಗೆ ಇಳೀಬೇಡಿ, ಫೋಟೋ ಎಷ್ಟೇ ಚೆನ್ನಾಗಿ ಬರೋ ಹಾಗಿದ್ರೂ ಸರಿ. ವಾಪಸ್ ಬರ್ತಾ ಕ್ಯೂರ್‌ಪಿಪ್ ಬೊಟಾನಿಕಲ್ ಗಾರ್ಡನ್‌ನಲ್ಲಿ ಐದು ನಿಮಿಷ ನಿಲ್ಲಿ, ಸುತ್ತ ಬೇಲಿ ಹಾಕಿರೋ ಒಂದು ತೆಳ್ಳಗಿನ ತಾಳೆ ಜಾತಿಯ ಮರ ಇದೆ, ಹಯೋಫೋರ್ಬೆ ಅಮರಿಕಾಲಿಸ್, ಆ ಜಾತಿಯಲ್ಲಿ ಇಡೀ ಭೂಮಿ ಮೇಲೆ ಉಳಿದಿರೋದು ಅದೊಂದೇ.

ಸಮುದ್ರಕ್ಕೆ ಇಳಿಯೋರಿಗೆ: ಸನ್‌ಸ್ಕ್ರೀನ್ ಬಾಟ್ಲಿ ಹಿಂದೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅಂತ ಇದ್ರೆ ಮನೇಲಿ ಬಿಡಿ, ಹವಾಯಿ ದ್ವೀಪದಲ್ಲಿ ಹವಳಕ್ಕೆ ಕೆಟ್ಟದ್ದು ಅಂತ 2021ರಿಂದ ಅಂಥದ್ರ ಮಾರಾಟಾನೇ ನಿಲ್ಲಿಸಿದಾರೆ. ಜಿಂಕ್ ಆಕ್ಸೈಡ್ ಇರೋದು ತಗೊಳಿ, ಅದಕ್ಕಿಂತ ಒಳ್ಳೇದು ತುಂಬು ತೋಳಿನ ಈಜು ಅಂಗಿ. ಹವಳದ ಮೇಲೆ ನಿಲ್ಬೇಡಿ, ಕಲ್ಲು ಅಂತ ಕಾಣೋದು ಜೀವ. ದ್ವೀಪದ ಸುತ್ತ ಆ ಹವಳದ ದಂಡೆ ಇರೋದ್ರಿಂದ್ಲೇ ಒಳಗಿನ ನೀರು ಕೆರೆಯ ಹಾಗೆ ಶಾಂತವಾಗಿರೋದು, ಬಿಸಿ ಏರಿದ ಸಮುದ್ರಕ್ಕೆ ಅದು ಈಗಾಗ್ಲೇ ಹಲವು ಸಲ ಬಿಳುಚಿದೆ. ಡಾಲ್ಫಿನ್ ತೋರಿಸ್ತೀವಿ ಅಂತ ಹತ್ತು ಸ್ಪೀಡ್‌ಬೋಟ್ ಒಟ್ಟಿಗೆ ಅಟ್ಟಿಸ್ಕೊಂಡು ಹೋಗೋ ಟೂರ್ ಬೇಡ ಅಂತ ಮುಖದ ಮೇಲೇ ಹೇಳಿ. 2020ರ ಜುಲೈನಲ್ಲಿ ವಾಕಾಶಿಯೋ ಅನ್ನೋ ಹಡಗು ಪ್ವಾಂತ್ ದೆಸ್ನಿ ಹತ್ರ ಹವಳಕ್ಕೆ ಬಡಿದು ಆಗಸ್ಟಲ್ಲಿ ಸುಮಾರು ಸಾವಿರ ಟನ್ ಎಣ್ಣೆ ಸೋರಿತು, ಇಲ್ ಒ ಸೆಗ್ರೆತ್ ಅದರ ಪಕ್ಕದಲ್ಲೇ ಇರೋದು. ಆಗ ಊರಿನ ಜನ ಸರ್ಕಾರಕ್ಕೆ ಕಾಯ್ದೆ ಬಟ್ಟೆ ಚೀಲಕ್ಕೆ ಕಬ್ಬಿನ ಒಣ ಸೋಗೆ ತುಂಬಿ ಹೊಲ್ದು ಎಣ್ಣೆಗೆ ಅಡ್ಡ ಕಟ್ಟಿದ್ರು. ಆ ದಡದಲ್ಲಿ ನಿಂತಾಗ ಇದು ನೆನಪಿರ್ಲಿ.

ಲಿಚಿ ಕಾಲದಲ್ಲಿ ಹೋಗೋರಿಗೆ ಬಾವಲಿ ಬಗ್ಗೆ ಜಗಳದ ಮಾತು ಕಿವಿಗೆ ಬೀಳುತ್ತೆ. ತೋಟದ ಹಣ್ಣು ತಿನ್ನುತ್ತೆ ಅಂತ 2015, 2016ರಲ್ಲಿ ಸಾವಿರಾರು ಕೊಂದ್ರು. ರೈತನ ನಷ್ಟ ಸುಳ್ಳಲ್ಲ, ಆದ್ರೆ ಕಾಡಿನ ಬೀಜ ಹೊತ್ತು ಹಾಕೋ ದೊಡ್ಡ ಜೀವ ಉಳಿದಿರೋದು ಅದೇ, ಮರಕ್ಕೆ ಬಲೆ ಹಾಕೋದೇ ಸರಿ ದಾರಿ ಅಂತ ನನ್ನ ಅನಿಸಿಕೆ.

ವಾಪಸ್ ಬರೋವಾಗ ಕಪ್ಪೆಚಿಪ್ಪು, ಹವಳದ ತುಂಡು, ಮರಳು, ಕಪ್ಪು ಕಲ್ಲು ಏನೂ ತರ್ಬೇಡಿ. ಹವಳಕ್ಕೆ ಅಂತಾರಾಷ್ಟ್ರೀಯ ಕಾನೂನೂ ಇದೆ, ನಮ್ಮ ವನ್ಯಜೀವಿ ಕಾಯ್ದೆನೂ ಇದೆ, ಅಂಗಡೀಲಿ ಬಿಲ್ ಕೊಟ್ರು ಅಂದ ಮಾತ್ರಕ್ಕೆ ಕಸ್ಟಮ್ಸ್‌ನಲ್ಲಿ ಬಿಡಲ್ಲ. ಮಕ್ಕಳ ಜೇಬು ನೀವೇ ನೋಡಿ. ಮನೆಗೆ ಬಂದ್ಮೇಲೆ ಬ್ಯಾಗ್ ಬಿಚ್ಚೋ ಮುಂಚೆ ಮತ್ತೆ ಪೇಪರ್ ಹಾಸಿ ಅದೇ ಟೂತ್‌ಬ್ರಷ್, ಅದೇ ಸೂಜಿ. ಯಾಕಂದ್ರೆ ಈ ದಾರಿ ಎರಡೂ ಕಡೆ ಇದೆ, ಮಳೆಗಾಲದಲ್ಲಿ ನಮ್ಮ ಸೊಸೈಟಿ ಗೋಡೆ ತುಂಬ ಹತ್ತೋ ಆ ದೊಡ್ಡ ಆಫ್ರಿಕನ್ ಬಸವನಹುಳು 1847ರಲ್ಲಿ ಭಾರತಕ್ಕೆ ಬಂದಿದ್ದು ಮಾರಿಷಸ್‌ನಿಂದ, ಒಬ್ಬರು ಕಲ್ಕತ್ತಾಗೆ ತಂದು ಬಿಟ್ಟಿದ್ದು. ಶೂ ಮಣ್ಣು ಕೆರೆದು ಕುದಿಯೋ ನೀರು ಹೊಯ್ದಾದ್ಮೇಲೆ ಕೈಗೆ ಗ್ಲೋವ್ಸ್ ಹಾಕ್ಕೊಂಡು ಕೆಳಗೆ ಹೋಗಿ ಕುಂಡಗಳ ಹಿಂದೆ ನೋಡಿ, ಸಂಜೆ ಏಳರ ಮೇಲೆ ಆ ಹುಳುಗಳು ಹೊರಗೆ ಬರ್ತವೆ, ಉಪ್ಪು ನೀರಿನ ಬಕೆಟ್ ಮೊದ್ಲೇ ರೆಡಿ ಇಟ್ಕೊಳ್ಳಿ.